ಕೂಗದ ಕುಕ್ಕರು

ನನ್ನ ಅಡುಗೆಮನೆಯಲ್ಲಿ ಒಂದು ಕುಕ್ಕರ್ ಇದೆ, ಅದು ಕೂಗುವುದಿಲ್ಲ. ಕೆಟ್ಟುಹೋಗಿದೆ ಎಂದುಕೊಳ್ಳಬೇಡಿ, ಕೂಗದಿರುವುದೇ ಅದರ ಸ್ವಭಾವ. ಪ್ಲಗ್ ಹಾಕಿ, ಬೇಕಾದ್ದನ್ನು ಒಳಗೆ ತುಂಬಿ, ಗಾಜಿನ ಮುಚ್ಚಳ ಮುಚ್ಚಿ ನಿಮ್ಮ ಪಾಡಿಗೆ ನೀವು ಹೋಗಬಹುದು. ಕೋರ್ಟಿಗೆ ಹೋಗಿ, ಇಡೀ ದಿನ ಬೆಂಚಿನ ಮೇಲೆ ಕೂತು, ಮುಂದಿನ ತಾರೀಖು ಪಡೆದು ಮನೆಗೆ ಬಂದರೂ ಅದು ಇನ್ನೂ ವಿಷಯವನ್ನು ಪರಿಶೀಲಿಸುತ್ತಲೇ ಇರುತ್ತದೆ. ಹಾಗೆ ನೋಡಿದರೆ ಕೋರ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಇದು ಕೊನೆಗಾದರೂ ಬೇಯಿಸುತ್ತದೆ.

ಸ್ಲೋ ಕುಕ್ಕರ್ ಎಂದು ಇದರ ಹೆಸರು. ನಾನು ಕೊಂಡದ್ದಲ್ಲ, ಗೆದ್ದದ್ದು. ಲಾ ಓದುವಾಗ ಚಿಕ್ಕಮಗಳೂರಿನಲ್ಲಿ ಒಂದು ಚರ್ಚಾಸ್ಪರ್ಧೆ ನಡೆಯಿತು. ವಿಷಯ, ಯಂತ್ರಗಳು ಮನುಷ್ಯನನ್ನು ಸೋಮಾರಿಯಾಗಿಸಿವೆಯೇ ಎಂಬುದು. ನಾನು ‘ಹೌದು’ ಎಂಬ ಪಕ್ಷ. ಜೀವಮಾನದಲ್ಲಿ ಒಂದು ದಿನವೂ ಮುಟ್ಟದ ಒರಳುಕಲ್ಲನ್ನು ನೆನೆದು ವೇದಿಕೆಯ ಮೇಲೆ ಗದ್ಗದಿತಳಾದೆ. ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲ ಬಹುಮಾನವೆಂದು ಕೈಗೆ ಬಂದದ್ದು ಈ ಯಂತ್ರ, ಅಂದರೆ ನೀವು ಮಲಗಿ ನಿದ್ದೆ ಹೊಡೆಯುವಾಗ ನಿಮ್ಮ ಪರವಾಗಿ ಅಡುಗೆ ಮಾಡುವಂಥದ್ದು. ಯಾವುದೋ ಪಾತ್ರೆ ಅಂಗಡಿಯವರ ಪ್ರಾಯೋಜಕತ್ವ. ಅಡುಗೆಗೆ ಇಡೀ ದಿನ ಬೇಕು ಎಂದರೆ ನಮ್ಮೂರಿನಲ್ಲಿ ಯಾರು ಕೊಳ್ಳುತ್ತಾರೆ? ಬಹುಮಾನ ಎನ್ನುವುದು ಎಷ್ಟೋ ಸಲ ಮಾರಾಟವಾಗದ ಮಾಲಿಗೆ ಮಾಡುವ ಗೌರವಯುತ ಅಂತ್ಯಕ್ರಿಯೆ.

ಆಮೇಲೆ ವರ್ಷಗಟ್ಟಲೆ ಅದು ಪೆಟ್ಟಿಗೆಯೊಳಗೇ ಇತ್ತು. ಪೆಟ್ಟಿಗೆಯ ಮೇಲೆ ನಾನು ಕೂತು ಶೂ ಹಾಕಿಕೊಳ್ಳುತ್ತಿದ್ದೆ.

ಚರ್ಚೆಯ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಪರ, ವಿರೋಧ ಎರಡೂ ಬಾಯಿಪಾಠವಿರಬೇಕು, ನಿಮ್ಮ ಸ್ವಂತ ಅಭಿಪ್ರಾಯವನ್ನು ಹಾಸ್ಟೆಲಿನಲ್ಲಿ ಬಿಟ್ಟು ಬನ್ನಿ ಎನ್ನುತ್ತಿದ್ದರು. ಒಂದು ವರ್ಷ ಆಹಾರ ವ್ಯಕ್ತಿಯ ಸ್ವಾತಂತ್ರ್ಯ ಎಂದು ಗುಡುಗಿ ಕಪ್ ತಂದೆ. ಮರುವರ್ಷ ಆಹಾರದಲ್ಲಿ ಸಮಾಜದ ಭಾವನೆಯೇ ದೊಡ್ಡದು ಎಂದು ಅಷ್ಟೇ ಜೋರಾಗಿ ಗುಡುಗಿ ಇನ್ನೊಂದು ಕಪ್ ತಂದೆ. ಎರಡೂ ಕಪ್ಪುಗಳಲ್ಲಿ ಈಗ ಅವ್ವ ಹುಣಸೆಹಣ್ಣು ತುಂಬಿಟ್ಟಿದ್ದಾಳೆ. ವಾದಕ್ಕೆ ಬೇಕಾದ ದವಡೆ ನನಗೆ ಎಲ್ಲಿಂದ ಬಂತು ಎಂದು ಆ ಮೇಷ್ಟ್ರು ಆಶ್ಚರ್ಯಪಡುತ್ತಿದ್ದರು. ಎಲ್ಲಿಂದ ಬಂತು ಅಂದರೆ, ಬೇಯದ ದೊಡ್ಡ ಮಾಂಸದಿಂದ, ಅಂದರೆ ದನ ಎಮ್ಮೆಯದರಿಂದ, ಬಂತು.

ನಾನು ಹುಟ್ಟಿ ಬೆಳೆದದ್ದು ಗೋಣಿಬೀಡಿನಾಚೆ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ. ಲೈನ್ ಎಂದರೆ ಕೂಲಿಯವರಿಗೆಂದು ರೈಲುಬೋಗಿಯ ಹಾಗೆ ಸಾಲಾಗಿ ಕಟ್ಟಿದ ಮನೆಗಳು. ಇವರ ಗೋಡೆಯೇ ಅವರ ಗೋಡೆ. ಸಾಲಿನ ಕೊನೆಗೆ, ಒಂದಿಷ್ಟು ದೂರ ಬಿಟ್ಟು, ರೈಟರ ಮನೆ. ರೈಟರು ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದರು. ಅವರ ಹೆಂಡತಿ ನಮ್ಮ ಕುಕ್ಕರಿನ ಕೂಗು ಎಣಿಸುತ್ತಿದ್ದರು. ಅನ್ನ ಎಂದರೆ ಇಷ್ಟು ಕೂಗು, ಕಡಲೆ ಎಂದರೆ ಇಷ್ಟು, ಕುರಿ ಎಂದರೆ ಇಷ್ಟು ಎಂದು ಆ ತಾಯಿಗೆ ಕರಾರುವಾಕ್ಕು ಗೊತ್ತಿತ್ತು. ಕುರಿಯ ಲೆಕ್ಕವನ್ನೂ ದಾಟಿ ಕುಕ್ಕರ್ ಕೂಗತೊಡಗಿತೋ, ಅವರ ಮನೆಯ ಕಿಟಕಿ ಸದ್ದು ಮಾಡಿ ಮುಚ್ಚಿಕೊಳ್ಳುತ್ತಿತ್ತು. ಸೋಮವಾರ ಕೆಲಸ ಹಂಚುವಾಗ ಅವ್ವನ ಪಾಲಿಗೆ ಜಿಗಣೆಯಿರುವ ಇಳಿಜಾರು ಬರುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಜಿಗಣೆಗೆ ಏನೆಂದು ಉತ್ತರ ಕೊಡುವುದು?

ಅವ್ವ ಇದಕ್ಕೊಂದು ಉಪಾಯ ಕಂಡುಕೊಂಡಳು. ಸೌಟು ಹಿಡಿದು ಒಲೆಯ ಮುಂದೆ ಕೂರುವುದು. ಕುಕ್ಕರ್ ಉಸಿರು ಕಟ್ಟಿ ಇನ್ನೇನು ಕೂಗಬೇಕು ಎನ್ನುವಾಗ ಸೌಟಿನ ತುದಿಯಿಂದ ಮುಚ್ಚಳದ ಮೇಲಿನ ಗುಂಡನ್ನು ಚೂರೇ ಎತ್ತುವುದು. ಫುಸ್ಸ್ ಎಂದು ಹಬೆ ಹೋಗುತ್ತಿತ್ತು, ಕೂಗು ಹೊರಗೆ ಬರುತ್ತಿರಲಿಲ್ಲ. ಹಬೆಯ ಜೊತೆ ಶಾಖವೂ ಹೋಗುತ್ತಿತ್ತು. ಹೀಗಾಗಿ ನಮ್ಮ ಮನೆಯ ಭಾನುವಾರದ ಮಾಂಸ ಎಂದೂ ಪೂರ್ತಿ ಬೆಂದದ್ದಿಲ್ಲ. ರಬ್ಬರಿನಂಥ ತುಂಡುಗಳನ್ನು ಬಾಗಿಲು ಹಾಕಿಕೊಂಡು, ನಿಂತುಕೊಂಡು, ಬೇಗ ಬೇಗ ಜಗಿದು ನುಂಗುತ್ತಿದ್ದೆವು. ಅವ್ವ ಕೂತು ಉಂಡದ್ದನ್ನು ನಾನು ಕಂಡದ್ದೇ ಇಲ್ಲ. ಒಂದು ಕಿವಿ ಬಾಗಿಲ ಕಡೆ, ಒಂದು ಕೈ ತಟ್ಟೆಯ ಕಡೆ.

ಅದಕ್ಕೊಂದು ಹೆಸರೂ ಬೇಕಲ್ಲ. ಗೋಡೆ ಹಂಚಿಕೊಂಡ ಮನೆಗಳಲ್ಲಿ ನಿಜವಾದ ಹೆಸರು ಹಿಡಿದು ಕರೆಯಲಾಗುತ್ತದೆಯೇ? ಅವ್ವ ಅದನ್ನು ಹಲಸಿನಕಾಯಿ ಎಂದು ಕರೆದಳು. “ಸುಜಿ, ಇವತ್ತು ಹಲಸಿನಕಾಯಿ ಐತೆ, ಆಟಕ್ಕೆ ದೂರ ಹೋಗ್ಬೇಡ” ಎಂದರೆ ಸಾಕು, ನನ್ನ ಬಾಯಲ್ಲಿ ನೀರು. ತೊಂದರೆಯೇನೆಂದರೆ, ಇದು ಗುಟ್ಟಿನ ಹೆಸರು ಎಂದು ಹೇಳಿಕೊಡುವುದನ್ನು ಅವಳು ಮರೆತಿದ್ದಳು. ಚಿಕ್ಕವಳಿದ್ದಾಗ ಯಾರದೋ ಮದುವೆಗೆ ಹೋಗಿದ್ದೆವು. ಎಲೆಯ ತುದಿಗೆ ಬಡಿಸುವವರು ಬಂದು “ಹಲಸಿನಕಾಯಿ ಪಲ್ಯ, ಹಲಸಿನಕಾಯಿ ಪಲ್ಯ” ಎಂದರು. ನಾನು ಎರಡು ಸಲ ಹಾಕಿಸಿಕೊಂಡೆ. ಬಾಯಿಗಿಟ್ಟವಳೇ ಪಂಕ್ತಿಗೆಲ್ಲ ಕೇಳುವ ಹಾಗೆ “ಅವ್ವಾ, ಇವ್ರು ಮೋಸ ಮಾಡ್ಯಾರೆ, ಇದು ಹಲಸಿನಕಾಯಿ ಅಲ್ಲ!” ಎಂದು ಕೂಗಿದೆ. ಅವ್ವ ತೊಡೆ ಚಿವುಟಿದಳು. ಬಡಿಸುವವರು ಮಾತ್ರ ಪಾತ್ರೆಯೊಳಗೆ ಇಣುಕಿ ನೋಡಿ ಗೊಂದಲಕ್ಕೆ ಬಿದ್ದರು. ನನ್ನ ಜೀವನದ ಮೊದಲ ಸಾರ್ವಜನಿಕ ವಾದ ಅದು. ಬಹುಮಾನ ಬರಲಿಲ್ಲ.

ಈಗೇನು ಬಿಡಿ, ಕಾಲ ಬದಲಾಗಿದೆ ಎನ್ನುತ್ತೀರಿ. ಬದಲಾಗಿದೆ, ಒಪ್ಪುತ್ತೇನೆ. ಹೋದ ವರ್ಷ ಅತ್ತಿಗುಂಡಿಯ ಕಡೆ ಒಂದು ಹೋಂಸ್ಟೇಗೆ ಕಾಲೇಜಿನ ಗೆಳತಿಯರ ಜೊತೆ ಹೋಗಿದ್ದೆ. ಮಾಲೀಕರ ಮಗ ಗಡ್ಡಕ್ಕೆ ಎಣ್ಣೆ ಹಚ್ಚಿಕೊಂಡಿದ್ದ ಹುಡುಗ. ಮರದ ಹಲಗೆಯ ಮೇಲೆ ಏನನ್ನೋ ಇಟ್ಟು ತಂದು “ಸ್ಲೋ ಕುಕ್ಡ್ ಬೀಫ್, ಎಸ್ಟೇಟ್ ಪೆಪ್ಪರ್ ಜೊತೆ” ಎಂದು ಮಂಡಿ ಬಗ್ಗಿಸಿ ಹೇಳಿದ. ಎಲ್ಲರೂ ಫೋಟೋ ತೆಗೆದರು. ಗೆಳತಿಯೊಬ್ಬಳು ಕಣ್ಣು ಮುಚ್ಚಿ “ಕಂಫರ್ಟ್ ಫುಡ್” ಎಂದಳು. ನಾನು ಹಲಗೆಯನ್ನೇ ನೋಡುತ್ತಾ ಕೂತೆ. ನಮ್ಮ ಲೈನಿನಲ್ಲಿ ಬಾಗಿಲು ಹಾಕಿಕೊಂಡು ನುಂಗುತ್ತಿದ್ದುದಕ್ಕೆ ಇಲ್ಲಿ ಕ್ಯಾಂಡಲ್ ಹಚ್ಚಿದ್ದಾರೆ. ಇಂಗ್ಲಿಷಿನಲ್ಲಿ ತಿಂದರೆ ಅದು ಪ್ರವಾಸೋದ್ಯಮ, ಕನ್ನಡದಲ್ಲಿ ತಿಂದರೆ ಪ್ರಕರಣ. ಆದರೆ ಸುಳ್ಳು ಹೇಳಬಾರದು: ಮಾಂಸ ಬೆರಳಿಗೆ ಬಿಟ್ಟುಕೊಳ್ಳುವಷ್ಟು ಮೆತ್ತಗಿತ್ತು. ಹಲ್ಲೇ ಬೇಕಿರಲಿಲ್ಲ.

ಹಲ್ಲು ಬೇಕಿಲ್ಲ ಎಂದಾಗ ನನಗೆ ಅವ್ವ ನೆನಪಾದಳು.

ಅವ್ವನ ಹಲ್ಲುಗಳನ್ನೆಲ್ಲ ಡಾಕ್ಟರು ಕಿತ್ತು ಹಾಕಿದ್ದರು. ಕಟ್ಟಿಸಿದ ಹಲ್ಲಿನ ಸೆಟ್ಟು ಇದೆ; ಅದನ್ನು ಅವಳು ರೇಷ್ಮೆ ಸೀರೆಯ ಜೊತೆ ಎತ್ತಿಟ್ಟು, ಮದುವೆ ನಾಮಕರಣಗಳಿಗೆ ಮಾತ್ರ ಉಡುತ್ತಾಳೆ. ಕೆಲಸ ಬಿಟ್ಟ ಮೇಲೆ ಲೈನಿನ ಮನೆಯನ್ನೂ ಬಿಡಬೇಕಾಗಿ ಬಂದು, ಈಗ ಚಿಕ್ಕಮಗಳೂರಿನಲ್ಲಿ ನನ್ನ ಜೊತೆ ಇದ್ದಾಳೆ. “ಎಲ್ಲ ತಿಂದಾತು ಬಿಡು. ಹಲಸಿನಕಾಯಿ ಒಂದು ಇನ್ನು ಈ ಬಾಯಿಗಿಲ್ಲ” ಎಂದು ಒಮ್ಮೆ ಸೊಪ್ಪಿನ ಸಾರು ಕಲಸಿಕೊಳ್ಳುತ್ತಾ ಹೇಳಿದಳು. ದೂರೇನಲ್ಲ, ಬಸ್ಸು ಹೋಯಿತು ಎನ್ನುವ ಹಾಗೆ ಹೇಳಿದಳು. ಹೋಂಸ್ಟೇಯಿಂದ ಬಂದವಳೇ ಮೇಲೆ ಕೂತು ಕೂತು ಕುಗ್ಗಿಹೋಗಿದ್ದ ಪೆಟ್ಟಿಗೆಯನ್ನು ಬಿಚ್ಚಿದೆ. ನನ್ನ ಹಟ ಇಷ್ಟೇ: ಅವ್ವ ಅದನ್ನು ಒಂದು ಸಲ ಉಣ್ಣಬೇಕು. ಪೂರ್ತಿ ಬೆಂದದ್ದನ್ನು, ಕೂತು, ನಿಧಾನಕ್ಕೆ.

ಅಡ್ಡಿಯಿದ್ದದ್ದು ಮನೆಯದು. ನಾವಿರುವುದು ಮಹಡಿಯ ಮೇಲೆ. ಕೆಳಗೆ ಮನೆಯ ಒಡತಿ. ರಿಟೈರಾದ ಶಾಲಾ ಶಿಕ್ಷಕಿ, ಇಡೀ ಬೀದಿಗೆ ಅವರು ಟೀಚರ್. ಅವರ ಯಜಮಾನರಿಗೆ ವಸ್ತಾರೆಯ ಕಡೆ ತೋಟ. ಒಳ್ಳೆಯವರು, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನನಗೆ ಜ್ವರ ಬಂದಾಗ ಗಂಜಿ ಕಳಿಸಿದವರು. ಮನೆ ಕೊಡುವಾಗ ಅವರು ಹೇಳಿದ್ದು ಹೀಗೆ:

“ನೋಡಮ್ಮ ಸುಜಾತ, ನಾವು ಹಳೇ ಕಾಲದವರಲ್ಲ. ನೀವು ಏನ್ ತಿಂತೀರಿ, ಏನ್ ಬಿಡ್ತೀರಿ ಅಂತ ನಾವು ಕೇಳಲ್ಲ. ನೀವೂ ಹೇಳಕ್ಕೆ ಹೋಗ್ಬೇಡಿ. ವಾಸನೆ ಒಂದು ಕೆಳಗೆ ಬರ್ದೇ ಇದ್ರೆ ಆಯ್ತು.”

ಎಷ್ಟು ಉದಾರ ನೋಡಿ. ತಿನ್ನುವ ಸ್ವಾತಂತ್ರ್ಯ ನನಗೆ, ಗಾಳಿ ಮಾತ್ರ ಅವರದು. ಇದಕ್ಕೆ ನಾಲ್ಕು ಖಂಡನೆಗಳು ನನ್ನ ನಾಲಗೆಯ ತುದಿಯಲ್ಲಿದ್ದವು. ಆದರೆ ಮನೆಯಲ್ಲಿ ನಲ್ಲಿ ನೀರು ದಿನವೂ ಬರುತ್ತಿತ್ತು. “ಆಯ್ತು ಟೀಚರ್” ಎಂದೆ. ಚರ್ಚಾಪಟುಗಳನ್ನು ಸೋಲಿಸಬೇಕೆಂದರೆ ಎದುರು ಪಕ್ಷ ಬೇಡ, ನಲ್ಲಿ ಸಾಕು.

ಒಂದು ಭಾನುವಾರ ಮುಹೂರ್ತ ನೋಡಿದೆ. ಕಾಫಿ ಕುಯ್ಲಿನ ಚಳಿಗಾಲ; ಯಜಮಾನರು ಹಗಲೆಲ್ಲ ವಸ್ತಾರೆಯ ತೋಟದಲ್ಲಿರುತ್ತಾರೆ, ಟೀಚರಿಗೆ ನೆಗಡಿ ಎಂದು ಸುದ್ದಿಯಿತ್ತು. ನೆಗಡಿಯಾದ ಮೂಗನ್ನು ನಂಬಿ ನಾನು ಮಾಂಸದಂಗಡಿಗೆ ಹೋದೆ. ಕಾನೂನು ಒಪ್ಪುವ ಎಮ್ಮೆಯದೇ, ವಕೀಲಳ ಮನೆಗೆ ಬೇರೆ ಬರಲಾಗುತ್ತದೆಯೇ? ಆದರೆ ಕಾನೂನು ಒಪ್ಪುವುದು ವಯಸ್ಸಾದ ಎಮ್ಮೆಯನ್ನು ಮಾತ್ರ. ಹೀಗಾಗಿ ನಮ್ಮ ತಟ್ಟೆಗೆ ಬರುವಷ್ಟರಲ್ಲಿ ಅದು ಜೀವನದಲ್ಲಿ ಎಲ್ಲವನ್ನೂ ಕಂಡು, ಯಾವುದಕ್ಕೂ ಬಗ್ಗದ ಸ್ಥಿತಿ ತಲುಪಿರುತ್ತದೆ. ಅಂಗಡಿಯವನು ಮೂಳೆ ಸಮೇತ ತುಂಡುಗಳನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಅದನ್ನು ಇನ್ನೊಂದು ಕಪ್ಪು ಕವರಿಗೆ ಹಾಕಿದ. ಮೆಡಿಕಲ್ ಶಾಪಿನಲ್ಲಿ ಹೆಂಗಸರಿಗೆ ಹಾಕಿಕೊಡುವುದೂ ಇದೇ ಕವರು. ಒಳಗೆ ಏನಿದೆ ಎಂದು ಊರಿಗೆಲ್ಲ ತಿಳಿಯಲಿ ಎಂದೇ ಕಪ್ಪು ಬಣ್ಣ ಕಂಡುಹಿಡಿದಿರಬೇಕು.

ಅವ್ವ ಯಂತ್ರವನ್ನು ಸುತ್ತಿ ಸುತ್ತಿ ನೋಡಿದಳು.

“ಎಂತದೇ ಇದು, ಗುಂಡಿಲ್ಲ, ಎಂತ ಇಲ್ಲ?”

“ಇದು ಕೂಗಲ್ಲವ್ವ. ಹಂಗೇ ಬೇಯ್ತದೆ, ಸಂಜೆ ತನಕ.”

“ಕೂಗಲ್ವ?” ಅವ್ವ ನನ್ನನ್ನೇ ನೋಡಿದಳು. “ಒಂದೂ?”

“ಒಂದೂ ಇಲ್ಲ.”

“ಥೂ, ಇದನ್ನ ಮಾಡಿದವ್ನು ಆವಾಗೆಲ್ಲಿ ಸತ್ತಿದ್ನೆ?” ಎಂದಳು.

ಕೊತ್ತಂಬರಿ, ಮೆಣಸು, ಚಕ್ಕೆ ಹುರಿದಳು. ತೆಂಗಿನಕಾಯಿ, ಈರುಳ್ಳಿ ಅರೆದಳು. ಎಲ್ಲವನ್ನೂ ತುಂಬಿ ಮುಚ್ಚಳ ಹಾಕಿದೆವು. ಕಿಟಕಿ ಬಿಗಿದು, ಬಾಗಿಲ ಸಂದಿಗೆ ಹಳೆಯ ಟವೆಲ್ ತುರುಕಿದೆ. ಅವ್ವ ಅಭ್ಯಾಸಬಲದಿಂದ ಸೌಟು ಹಿಡಿದು ಯಂತ್ರದ ಮುಂದೆ ಕೂತಳು. ಎತ್ತಲು ಗುಂಡಿಲ್ಲದೆ ಕೈ ಏನು ಮಾಡಬೇಕೆಂದು ತಿಳಿಯದೆ ಸೌಟನ್ನೇ ತಿರುಗಿಸುತ್ತಿದ್ದಳು.

ನಾನು ಒಂದು ವಿಷಯವನ್ನು ಯೋಚಿಸಿರಲಿಲ್ಲ. ಕೂಗು ಒಂದು ಕ್ಷಣದ್ದು, ಪರಿಮಳ ಇಡೀ ದಿನದ್ದು. ಮಧ್ಯಾಹ್ನದ ಹೊತ್ತಿಗೆ ಅದು ಟವೆಲನ್ನು ದಾಟಿ ಮೆಟ್ಟಿಲಿಳಿದು ಕೆಳಮನೆಯ ಹೊಸ್ತಿಲಲ್ಲಿ ಕೂತಿತ್ತು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಟೀಚರ್.

“ಏನ್ರಮ್ಮಾ ತಾಯಿ ಮಗಳು ಸೇರ್ಕೊಂಡು ಮಾಡ್ತಿದ್ದೀರಿ? ಘಮ ಅಂತಿದೆ! ನನ್ನ ನೆಗಡಿನೇ ಬಿಟ್ಟೋಯ್ತು.”

ವಾಸನೆ ಎನ್ನಲಿಲ್ಲ, ಘಮ ಎಂದರು. ನಾನು ಆ ಪದವ್ಯತ್ಯಾಸವನ್ನು ಸವಿಯುತ್ತಾ ನಿಂತಿದ್ದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಅವ್ವನ ಬಾಯಿ ಹಳೆಯ ಅಭ್ಯಾಸದ ಪ್ರಕಾರ ತೆರೆದುಕೊಂಡಿತು.

“ಹಲಸಿನಕಾಯಿ ಅಮ್ಮಾವ್ರೆ.”

“ಹಲಸಿನಕಾಯಾ? ಈಗ? ಕಾಫಿ ಕುಯ್ಲಲ್ಲಿ?”

ಲೈನಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ. ಅಲ್ಲಿ ಎಲ್ಲರಿಗೂ ಅರ್ಥ ಗೊತ್ತಿದ್ದುದರಿಂದ ಹಲಸಿನಕಾಯಿ ವರ್ಷವಿಡೀ ಬಿಡುತ್ತಿತ್ತು. ಸುಳ್ಳಿಗೂ ಒಂದು ಋತು ಇರುತ್ತದೆ ಎಂದು ನಮಗೆ ಹೊಳೆದೇ ಇರಲಿಲ್ಲ.

“ಗೋಣಿಬೀಡು ಕಡೆ ಒಂದು ಮರ ಐತೆ” ಎಂದಳು ಅವ್ವ. “ಅದಕ್ಕೆ ಕಾಲ ಅಂತಿಲ್ಲ. ಯಾವಾಗ್ಲೂ ಬಿಡ್ತದೆ.”

“ಅಯ್ಯೋ ಮಾರಾಯ್ರೆ, ನಮ್ಮನೆಯವ್ರಿಗೆ ಹಲಸಿನಕಾಯಿ ಅಂದ್ರೆ ಪ್ರಾಣ. ನಮ್ಮ ತೋಟದ್ದನ್ನ ಮಂಗ ಒಂದೂ ಉಳಿಸಲ್ಲ. ಸಂಜೆ ಅವ್ರು ಬರೋ ಹೊತ್ತಿಗೆ ನಂಗೊಂದು ಬಟ್ಟಲು ಕೊಡಿ.” ಆಮೇಲೆ ನನ್ನ ಮುಖದಲ್ಲಿ ಏನು ಕಂಡಿತೋ, ಕೈ ಆಡಿಸಿ, “ಅದೆಲ್ಲ ನಾವು ನೋಡಲ್ಲಮ್ಮ! ನಿಮ್ಮನೆ ಒಲೆ, ನಮ್ಮನೆ ಒಲೆ ಅಂತೆಲ್ಲ ನಮಗಿಲ್ಲ” ಎಂದರು. ಇಳಿದುಹೋದರು.

ಬಾಗಿಲು ಹಾಕಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ತೋಟವಿರುವ ಮೇಲುಜಾತಿಯ ಮನೆಯವರು ನಮ್ಮ ಒಲೆಯ ಅಡುಗೆಯನ್ನು ಬಾಯಿಬಿಟ್ಟು ಕೇಳಿದ್ದು ನಮ್ಮ ವಂಶದಲ್ಲೇ ಮೊದಲ ಸಲ. ತಲೆಮಾರುಗಟ್ಟಲೆ ಕಾದ ಸಾಮಾಜಿಕ ಕ್ರಾಂತಿ, ಭಾಷಣವಿಲ್ಲದೆ, ಮೆರವಣಿಗೆಯಿಲ್ಲದೆ ಸಂಜೆ ಬಟ್ಟಲು ಹಿಡಿದು ಬರುವುದಿದೆ. ಅದಕ್ಕೆ ಬೇರೆ ದಿನ ಸಿಗಲಿಲ್ಲವೇ? ನಿನ್ನೆ ನಮ್ಮನೆಯಲ್ಲಿ ಹುರುಳಿ ಸಾರಿತ್ತು!

“ಚೆಲ್ಲಿ ಬಾ” ಎಂದಳು ಅವ್ವ.

“ಯಾಕೆ ಚೆಲ್ಬೇಕು?”

“ಚೆಲ್ಲಿ, ಸೀದೋಯ್ತು ಅನ್ನಾಣ.”

“ಇದು ಸೀಯಲ್ಲವ್ವ. ಸೀಯದ ಹಂಗೇ ಮಾಡಿರೋದು.”

“ಹಂಗಾದ್ರೆ ಬೆಕ್ಕು ಬಾಯಿ ಹಾಕ್ತು ಅನ್ನು.”

“ಟವೆಲ್ ತುರುಕಿದ ಬಾಗಿಲಲ್ಲಿ ಬೆಕ್ಕು ಹೆಂಗೆ ಬಂತು ಅಂದ್ರೆ?”

“ನೀನು ವಕೀಲಿಯೋ, ನಂಗೆ ವೈರಿಯೋ?” ಎಂದು ಸೌಟು ಕುಕ್ಕಿದಳು. ಆಮೇಲೆ ಮೆಲ್ಲಗೆ, “ಮತ್ತೆ... ಕೊಟ್ಟೇ ಬಿಡಾಣ? ಅಷ್ಟು ಘಮ ಅಂದ್ರಲ್ಲ” ಎಂದಳು. ಹೇಳಿದವಳೇ ತಾನೇ ಕೆನ್ನೆ ಬಡಿದುಕೊಂಡಳು. “ಬ್ಯಾಡ, ಬ್ಯಾಡ. ಅವ್ರಿಗಾಗದ್ದನ್ನ ಕಣ್ಕಟ್ಟಿ ಅವ್ರ ಬಾಯಿಗೆ ಹಾಕಾದು ಸರಿಯಲ್ಲ.”

ಸರಿಯಲ್ಲ. ವಾದಕ್ಕೆಂದು ಎಷ್ಟು ತಿರುವಿದರೂ ಅದು ಸರಿಯಾಗಲಿಲ್ಲ. ಆಹಾರ ಸ್ವಾತಂತ್ರ್ಯ ಎಂದು ಮೇಜು ಕುಟ್ಟಿ ಕುಟ್ಟಿ ಕಪ್ ಗೆದ್ದವಳು ನಾನು. ಆ ಸ್ವಾತಂತ್ರ್ಯವನ್ನು ಮೊಟ್ಟಮೊದಲು ಕಾಪಾಡಬೇಕಾಗಿ ಬಂದದ್ದು ಟೀಚರದು. ಅವರ ಬಟ್ಟಲನ್ನು ಉಳಿಸಬೇಕೆಂದರೆ ನಮ್ಮ ಪಾತ್ರೆಯ ಹೆಸರು ಹೇಳಬೇಕು. ಇಲ್ಲವೇ ಪಾತ್ರೆಯನ್ನೇ ಇಲ್ಲವಾಗಿಸಬೇಕು. ಮೂರನೆಯ ದಾರಿ ಇರಲಿಲ್ಲ.

ಅವ್ವ ಎರಡನೆಯದಕ್ಕೆ ಅಂಟಿಕೊಂಡಳು. “ನೀನು ಹೇಳ್ತೀಯ, ಗೆಲ್ತೀಯ. ಆಮೇಲೆ ಪಾತ್ರೆ ಪಗಡ ಗೋಣಿಚೀಲಕ್ಕೆ ತುಂಬಾದು ಯಾರು? ಒಂದು ಮನೆ ಬಿಟ್ಟು ಬಂದಿನಿ. ಇನ್ನೊಂದು ಬಿಡ್ಸಬ್ಯಾಡ ಮಾರಾಯ್ತಿ. ಒಂದು ತುಂಡು ಮಾಂಸಕ್ಕೆ...”

“ಒಂದು ತುಂಡಿಗಲ್ಲವ್ವ.”

“ಮತ್ತೆಂತಕ್ಕೆ?”

ನೀನು ಕೂತು ಉಣ್ಣುವುದನ್ನು ನೋಡುವುದಕ್ಕೆ ಎಂದು ಹೇಳಿದ್ದರೆ ಅವ್ವ ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು. ಮುಚ್ಚಳದೊಳಗೆ ಗುಳುಗುಳು ಎಂದು ಒಂದೊಂದೇ ಗುಳ್ಳೆ. ಪ್ರೆಶರ್ ಕುಕ್ಕರಾಗಿದ್ದರೆ ಇಷ್ಟರಲ್ಲಿ ಎಲ್ಲ ಮುಗಿದು, ಉಂಡು, ತೊಳೆದು ಬೋರಲು ಹಾಕಿರುತ್ತಿದ್ದೆವು. ಇದು ನಮ್ಮನ್ನೂ ಇಡೀ ಮಧ್ಯಾಹ್ನ ಸಣ್ಣ ಉರಿಯಲ್ಲಿಟ್ಟು ಬೇಯಿಸಿತು. ಅವ್ವ ಎರಡು ಸಲ ಎದ್ದು ಪಾತ್ರೆಯ ಕಿವಿ ಹಿಡಿದಳು. ಎರಡು ಸಲವೂ ನಾನು ಬಿಡಿಸಿದೆ. ಮೂರನೆಯ ಸಲ ಎದ್ದವಳು ಚೆಲ್ಲಲು ಹೋಗಲಿಲ್ಲ, ಮುಚ್ಚಳ ಎತ್ತಿ ಮೂಸಿದಳು. “ಬೆಂದೈತೆ” ಎಂದು ತನಗೇ ಹೇಳಿಕೊಂಡಳು.

ನಾನು ಭಾಷಣ ಸಿದ್ಧಮಾಡಿಕೊಂಡೆ. ಪೀಠಿಕೆ, ಮೂರು ಅಂಶ, ಸಮಾರೋಪ. ದೀಪ ಹಚ್ಚುವ ಹೊತ್ತಿಗೆ ಟೀಚರ್ ಬಂದರು, ಕೈಯಲ್ಲಿ ಮುಚ್ಚಳವಿರುವ ಸ್ಟೀಲಿನ ಬಟ್ಟಲು. ನಾನು ಗಂಟಲು ಸರಿಮಾಡಿಕೊಂಡೆ.

“ಟೀಚರ್, ಮೊದಲನೆಯದಾಗಿ, ಆಹಾರ ಎನ್ನುವುದು ಒಂದು ಸಮುದಾಯದ...”

“ಭಾಷಣ ಆಮೇಲೆ ಮಾಡಮ್ಮ. ಅವ್ರು ಬಂದು ಕೂತಿದ್ದಾರೆ, ಬಟ್ಟಲು ಹಿಡಿ.”

“ಅಲ್ಲ ಟೀಚರ್, ಎರಡನೆಯದಾಗಿ...”

ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಅಡುಗೆಮನೆಗೆ ಕಾಲಿಟ್ಟೇಬಿಟ್ಟರು. ಯಂತ್ರದ ಮುಂದೆ ಅವ್ವ ನಿಂತಿದ್ದಳು, ಎರಡೂ ಕೈ ಅಡ್ಡ ಹಿಡಿದು.

“ಬ್ಯಾಡಿ ಅಮ್ಮಾವ್ರೆ. ಅದು ಹಲಸಿನಕಾಯಿ ಅಲ್ಲ.”

“ಮತ್ತೆ?”

“ಎಮ್ಮೆ ಮಾಂಸ.”

ಆ ಪದವನ್ನು ಅವ್ವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ದೊಡ್ಡ ದನಿಯೇನಲ್ಲ. ಉಪ್ಪು, ಸೌದೆ ಎನ್ನುವ ಹಾಗೆ ಹೇಳಿದಳು. ಟೀಚರ್ ಬಟ್ಟಲಿಗೆ ಮುಚ್ಚಳ ಹಾಕಿಕೊಂಡರು, ಪಾತ್ರೆಯಲ್ಲಿದ್ದುದು ಹಾರಿ ಬಂದು ಕೂತೀತೋ ಎಂಬಂತೆ. ಆಮೇಲೆ ಅವರ ಮುಖದಲ್ಲಿ ನಾನು ನಿರೀಕ್ಷಿಸಿದ ಅಸಹ್ಯ ಬರಲಿಲ್ಲ, ಬಂದದ್ದು ಸಂಕಟ.

“ಹೇಳ್ದೇ ಇರ್ಬೋದಿತ್ತಲ್ಲ” ಎಂದರು.

“ಬಟ್ಟಲು ತಂದಿದ್ರಲ್ಲ ಅಮ್ಮಾವ್ರೆ.”

“ಬೆಂದಿಲ್ಲ ಅನ್ಬೋದಿತ್ತು.”

“ನಾಳೆ ಬತ್ತಿದ್ರಿ.”

“ಇಷ್ಟ್ ದಿನ ನಾನು ಕೇಳಿರ್ಲಿಲ್ಲ, ನೀವು ಹೇಳಿರ್ಲಿಲ್ಲ, ಎಷ್ಟ್ ಚೆನ್ನಾಗಿತ್ತು! ಈಗ ಗೊತ್ತಾಗೋಯ್ತಲ್ಲ. ಗೊತ್ತಾದ್ಮೇಲೆ ನಾನು ಅವ್ರಿಗೆ ಹೇಳ್ದೇ ಇರಕ್ಕಾಗಲ್ಲ. ಹೇಳಿದ್ಮೇಲೆ ಅವ್ರು ಸುಮ್ನಿರಲ್ಲ.” ನನ್ನ ಕಡೆ ತಿರುಗಿದರು. “ಕೋಪ ಅಂತಲ್ಲಮ್ಮ ಸುಜಾತ. ನಿಧಾನಕ್ಕೆ ಬೇರೆ ಮನೆ ನೋಡ್ಕೊಳ್ಳಿ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ.”

ತಪ್ಪು ಎಲ್ಲಿದೆ ಎಂದು ನನಗೆ ಆಗ ತಿಳಿಯಿತು. ಬೇಯಿಸಿದ್ದರಲ್ಲಿ ಅಲ್ಲ, ಉಣ್ಣುವುದರಲ್ಲೂ ಅಲ್ಲ. ಅವರ ಅಜ್ಞಾನವನ್ನು ನಾವು ಮುಟ್ಟಿ ಮೈಲಿಗೆ ಮಾಡಿದ್ದೆವು. ಇದಕ್ಕೆ ನನ್ನ ಭಾಷಣದ ಮೂರೂ ಅಂಶಗಳಲ್ಲಿ ಉತ್ತರವಿರಲಿಲ್ಲ. ಟೀಚರ್ ಖಾಲಿ ಬಟ್ಟಲು ಹಿಡಿದು ಒಂದೊಂದೇ ಮೆಟ್ಟಿಲಿಳಿದರು. ಕೆಳಗೆ ಯಜಮಾನರು “ಎಲ್ಲೇ, ತಂದ್ಯಾ?” ಎಂದು ಕೇಳಿದ್ದು ಕೇಳಿಸಿತು. ಆಮೇಲೆ ಪಿಸುಮಾತು. ಆಮೇಲೆ ಅದೂ ಇಲ್ಲ.

ಅವ್ವ ನೆಲದ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ. ಕಾಲು ಮಡಚಿ, ಸೆರಗು ಸರಿಮಾಡಿ, ತಟ್ಟೆಯನ್ನು ಮುಂದಕ್ಕೆಳೆದುಕೊಂಡಳು.

“ಬಡ್ಸು.”

“ಅವ್ವಾ...”

“ಮನೆ ಹೆಂಗೂ ಹೋಯ್ತು. ಸಾರು ಯಾಕೆ ಆರ್ಬೇಕು? ಬಡ್ಸು.”

ಬಿಸಿ ಕಡುಬಿನ ಮೇಲೆ ಸಾರು ಸುರಿದು ತುಂಡುಗಳನ್ನು ಹಾಕಿದೆ. ಅವ್ವ ಬೆರಳಿಟ್ಟಳು, ಮಾಂಸ ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಒಂದು ತುತ್ತು ವಸಡಿನ ನಡುವೆ ಇಟ್ಟುಕೊಂಡು ಸುಮ್ಮನೆ ಕೂತಳು. ಜಗಿಯಲಿಲ್ಲ, ಬಾಗಿಲ ಕಡೆ ನೋಡಲಿಲ್ಲ. ಇನ್ನೊಂದು ತುತ್ತು. ನಾನು ಎದುರಿಗೆ ಕೂತು ಬಾಡಿಗೆದಾರರಿಗೆ ಇರುವ ಹಕ್ಕು, ನೋಟಿಸಿನ ಅವಧಿ, ಹಾಗೆಲ್ಲ ಏಕಾಏಕಿ ಹೊರಹಾಕಲು ಆಗುವುದಿಲ್ಲ ಎಂಬ ವಿಚಾರಗಳನ್ನು ಕ್ರಮವಾಗಿ ವಿವರಿಸತೊಡಗಿದೆ.

“ಬಾಯಿ ಮುಚ್ಕೊಂಡು ಉಣ್ಣು” ಎಂದಳು. “ಬಾಯಿ ಇರಾದು ಇದಕ್ಕೂ ಹೌದು.”

ಕಡುಬು ಮುಗಿಯಿತು, ಇನ್ನೆರಡು ಹಾಕಿಸಿಕೊಂಡಳು. ಕೊನೆಗೆ ಮೂಳೆ ಕೈಗೆತ್ತಿಕೊಂಡಳು. ಒಳಗಿನ ಮಜ್ಜೆಯನ್ನು ಹೀರಿದಳು, ಬರಲಿಲ್ಲ. ತಿರುಗಿಸಿ ತಟ್ಟೆಗೆ ಕುಟ್ಟಿದಳು, ಆಗಲೂ ಬರಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನಮ್ಮ ನೆಲ ಕೆಳಮನೆಯವರ ತಾರಸಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿದೆ. ಇಲ್ಲಿಗೆ ಬಂದಂದಿನಿಂದ ಚೊಂಬು ಇಡುವಾಗಲೂ ಸದ್ದಾಗದಂತೆ ಇಡುತ್ತಿದ್ದವಳು. ನನ್ನನ್ನೊಮ್ಮೆ ನೋಡಿದಳು. ಮೂಳೆಯನ್ನು ಎತ್ತಿ, ನೆಲಕ್ಕೆ ಕುಟ್ಟಿದಳು. ಟಕ್!

ಕೆಳಗೆ ಟೀವಿಯ ಸದ್ದು ನಿಂತಿತು.

ಅವ್ವ ಇನ್ನೊಮ್ಮೆ ಕುಟ್ಟಿದಳು.